ಇದ್ದವನ ಹೆಸರು

ಮೂಡಲಗಿಯ ಹೆಂಗಸರ ಕೈ ಇಷ್ಟು ಜೋರು ಅಂತ ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ನನ್ನ ಬೆನ್ನು ಇನ್ನೂ ನೋಯುತ್ತಿದೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಅವಳು ಬಗ್ಗಿ 'ಕುರ್ರ್' ಎಂದು ಕಿವಿಯಲ್ಲಿ ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರೆಲ್ಲ ಅದೇ ಹೊತ್ತಿಗೆ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಅಂದರೆ ಯಾರಿಗೂ ಗೊತ್ತಿಲ್ಲ. ಆದರೂ ಆ ಹೊತ್ತಿನಲ್ಲಿ ಒಬ್ಬಳೂ ಹಿಂದೆ ಸರಿಯುವುದಿಲ್ಲ.

ನಾನು ಭಾಗ್ಯಾ. ಹುಕ್ಕೇರಿಯಲ್ಲಿ ಅಂಗನವಾಡಿ ಟೀಚರ್. ತವರು ಗೋಕಾಕ. ಅಲ್ಲಿ ನನಗೆ ಇಬ್ಬರಿದ್ದಾರೆ, ಅಣ್ಣ ಅಣ್ಣಪ್ಪ ಮತ್ತು ತಮ್ಮ ಮಹೇಶ. ಬಸ್ ಸ್ಟ್ಯಾಂಡಿನ ಹಿಂದೆ ಇಬ್ಬರೂ ಸೇರಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ನಡೆಸುತ್ತಾರೆ. ಸುಟ್ಟುಹೋದ ಮೋಟರಿನ ತಾಮ್ರದ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ, ವಾರ್ನಿಶ್ ಹೊಡೆದು ಕೊಡುವ ಕೆಲಸ. ಆ ಕೆಲಸದಲ್ಲಿ ಇಬ್ಬರೂ ಗಟ್ಟಿಗರು. ಮಿಕ್ಕ ವಿಷಯ ಮಾತ್ರ ಕೇಳಬೇಡಿ. ದಿನವಿಡೀ ಓಣಿಯ ಮಕ್ಕಳನ್ನೆಲ್ಲ ಕೂರಿಸಿ ಏಳಿಸುವವಳು ನಾನು, ಈ ಇಬ್ಬರನ್ನು ಒಂದು ಕಡೆ ಕೂರಿಸುವುದು ನನ್ನಿಂದಲೂ ಆಗಿರಲಿಲ್ಲ.

ಮಹೇಶನ ಹೆಂಡತಿ ಸುಜಾತಾಳ ತವರು ಮೂಡಲಗಿ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋಗಿದ್ದಳು, ಗಂಡುಮಗುವಾಯಿತು. ತೊಟ್ಟಿಲಿನ ದಿನವೂ ಗೊತ್ತಾಯಿತು. ನಾನು ಸೀರೆ ಇಸ್ತ್ರಿ ಮಾಡಿಸಿಟ್ಟು ಕಾಯುತ್ತಿದ್ದೆ. ಹಿಂದಿನ ದಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿರುವಾಗ ಮಹೇಶನ ಫೋನು ಬಂತು.

"ಅಕ್ಕಾ, ಅಣ್ಣ ತೊಟ್ಲಕ್ಕ ಬರಂಗಿಲ್ಲ ಅನ್ನಾಕತ್ತಾನ."

"ಯಾಕ? ಯಾರೇನ ಅಂದ್ರು ಅವಗ?"

"ನಾನಽ ಅಂದೆ. ಕೂಸಿಗೆ ಅಪ್ಪನ ಹೆಸರ ಇಡೋಣು ಅಂದೆ."

ನಾನು ಸೌಟು ಕೆಳಗಿಟ್ಟೆ. ಸಹಾಯಕಿಗೆ ಬಡಿಸಲು ಹೇಳಿ ಹೊರಗೆ ಬಂದೆ. "ಇವತ್ತಽ ಬರ್ತೇನಿ" ಅಂತಷ್ಟೇ ಹೇಳಿ ಫೋನು ಇಟ್ಟೆ.

ನಮ್ಮಪ್ಪನ ಹೆಸರು ಲಗಮಪ್ಪ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮನೆತನಗಳಲ್ಲಿ ಹೊಸದೇನಲ್ಲ. ಆದರೆ ಅಜ್ಜ ತೀರಿಕೊಂಡಿರಬೇಕು. ಬದುಕಿರುವವರ ಹೆಸರನ್ನು ಕೂಸಿಗೆ ಇಟ್ಟರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಅಂತ ಯಾರೂ ಇಡುವುದಿಲ್ಲ. ನಮ್ಮಪ್ಪ ತೀರಿಕೊಂಡಿದ್ದಾನೋ, ಎಲ್ಲಾದರೂ ಇದ್ದಾನೋ, ನಮಗೆ ಗೊತ್ತಿಲ್ಲ. ಹೆಸರಿಟ್ಟರೆ ಅವನು ಸತ್ತ ಅಂತ ನಾವೇ ಊರಿಗೆಲ್ಲ ಸಾರಿದಂತೆ.

ಅಪ್ಪ ಹೋದಾಗ ಮಹೇಶನಿಗೆ ಐದು ವರ್ಷ, ನಾನು ಶಾಲೆಯಲ್ಲಿ ಮೂರನೇ ಇಯತ್ತೆ, ಅಣ್ಣನಿಗೆ ಹದಿಮೂರು. ಅವತ್ತು ಬೆಳಿಗ್ಗೆ ಅಪ್ಪ ಅಣ್ಣನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಘಟಪ್ರಭಾ ಸ್ಟೇಶನ್ನಿಗೆ ಹೋದ. ಮಿರಜಿನಲ್ಲಿ ಕೆಲಸವಿದೆ, ಮಧ್ಯಾಹ್ನದ ಗಾಡಿಗೆ ವಾಪಸು ಬರುತ್ತೇನೆ ಅಂದ. ಸೈಕಲ್ಲಿನ ಕೀಲಿ ಕಳೆದಿತ್ತು. "ಬರೂತನಕ ಸೈಕಲ್ ನೋಡ್ಕೊಂಡಿರು" ಅಂತ ಹೇಳಿ ರೈಲು ಹತ್ತಿದ. ಅಣ್ಣ ಸೈಕಲ್ ಹಿಡಿದುಕೊಂಡು ನಿಂತ. ಮಧ್ಯಾಹ್ನದ ಗಾಡಿ ಬಂತು, ಸಂಜೆಯ ಗಾಡಿಯೂ ಬಂತು. ಕತ್ತಲಾದ ಮೇಲೆ ಕಾಕಾ ಹುಡುಕಿಕೊಂಡು ಹೋದರೆ ಅಣ್ಣ ಅಲ್ಲೇ ನಿಂತಿದ್ದ, ಬರಲು ಒಪ್ಪಲಿಲ್ಲ. ಕಾಕಾ ಅವನನ್ನು ಹೊಡೆದು ಕರೆತರಬೇಕಾಯಿತು. ಮನೆಯಲ್ಲಿ ಜಗಳವಾಗಿರಲಿಲ್ಲ, ಅಪ್ಪನ ಮುಖದಲ್ಲಿ ಯಾರೂ ಏನನ್ನೂ ಕಂಡಿರಲಿಲ್ಲ. ಕಾಕಾ ಮಿರಜ, ಸಾಂಗ್ಲಿ, ಕೊಲ್ಲಾಪುರ ಎಲ್ಲ ಸುತ್ತಿದರು. ಇಚಲಕರಂಜಿಯಲ್ಲಿ ನೋಡಿದೆವು ಅಂತ ಒಬ್ಬರು ಹೇಳಿದರು, ಪಂಢರಪುರದಲ್ಲಿ ಅಂತ ಇನ್ನೊಬ್ಬರು. ಇಪ್ಪತ್ತೆಂಟು ವರ್ಷವಾಯಿತು.

ಅವತ್ತಿನಿಂದ ಅಣ್ಣ ಒಂದು ರಾತ್ರಿಯೂ ಗೋಕಾಕ ಬಿಟ್ಟು ಬೇರೆ ಕಡೆ ಮಲಗಿಲ್ಲ. ನಾನು ಸುಳ್ಳು ಹೇಳುತ್ತಿಲ್ಲ. ನನ್ನ ಮದುವೆ ಹುಕ್ಕೇರಿಯಲ್ಲಿ ಆಯಿತು. ಹಿಂದಿನ ದಿನ ಎಣ್ಣೆ ಅರಿಷಿಣದ ಕೆಲಸವೆಲ್ಲ ಮುಗಿಸಿ ಕೊನೆಯ ಬಸ್ಸಿಗೆ ಗೋಕಾಕಕ್ಕೆ ಹೋಗಿ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಧಾರೆಗೆ ಬಂದ ಪುಣ್ಯಾತ್ಮ ಅವನು. ಪಂಚಮಿಗೆ ನನ್ನನ್ನು ಕರೆಯಲು ಬಂದರೂ ನಿಂತುಕೊಂಡೇ ಚಹಾ ಕುಡಿಯುತ್ತಾನೆ. "ಒಂದ ರಾತ್ರಿ ತಂಗಿ ಮನ್ಯಾಗ ಇದ್ರ ನಿನ್ನ ಗಂಟೇನ ಹೋಗ್ತೈತಿ?" ಅಂತ ಪ್ರತಿ ವರ್ಷ ಜಗಳ ಮಾಡಿದ್ದೇನೆ, ಅತ್ತಿದ್ದೇನೆ. "ಅವ್ವಗ ಬಾಗಿಲಾ ಹಾಕಾಕ ಆಗಂಗಿಲ್ಲ" ಅನ್ನುತ್ತಾನೆ. ಸಂಜೆಯ ರೈಲಿನಿಂದ ಇಳಿದವರನ್ನು ಕರೆತರುವ ಬಸ್ಸು ಬಂದು ಹೋಗುವ ತನಕ ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅದು ಅವ್ವನ ಸಲುವಾಗಿ ಅಂತ ಅಣ್ಣನ ಮಾತು.

ಇನ್ನು ಮಹೇಶ. ಅವನು ಸಂತೆಗೆ ಹೋಗಿ ಹತ್ತು ನಿಮಿಷ ತಡವಾದರೂ ಅಣ್ಣನ ಫೋನು. ಕಾಲೇಜಿಗೆ ಬೆಳಗಾವಿಯಲ್ಲಿ ಸೀಟು ಸಿಕ್ಕರೂ ಹೋಗಲಿಲ್ಲ, ಅಣ್ಣನಿಗೆ ನಿದ್ದೆ ಬರುವುದಿಲ್ಲ ಅಂತ. ಮೂವತ್ತು ದಾಟಿದ ಗಂಡಸು ಎಲ್ಲರಿಗೂ ಹೂಂ ಅನ್ನುವುದೊಂದೇ ಕಲಿತ. ಈಗ ನೋಡಿ, ಮೂಡಲಗಿಯಲ್ಲಿ ಅವನದೇ ಮಗ ಹುಟ್ಟಿದ್ದಾನೆ. ದಿನಾ ಹೋಗುತ್ತಾನೆ, ದಿನಾ ಸಂಜೆಯ ಬಸ್ಸಿಗೆ ಗೋಕಾಕಕ್ಕೆ ಮರಳುತ್ತಾನೆ. ಸುಜಾತಾ ಫೋನಿನಲ್ಲಿ ನನ್ನ ಹತ್ತಿರ ಅತ್ತಿದ್ದಳು. "ಅಕ್ಕಾರ, ರಾತ್ರಿ ಕೂಸ ಅತ್ರ ನಾ ಯಾರನ್ನ ಎಬ್ಬಸ್ಲಿ? ಐದ ಹೊಡದ್ರ ಸಾಕ್ರಿ, ಇವ್ರು ಬಸ್ ಸ್ಟ್ಯಾಂಡ್ ಕಡೆ ಓಡ್ತಾರ."

ಇಷ್ಟು ವರ್ಷ ಇದನ್ನೆಲ್ಲ ನಕ್ಕು ಬಿಟ್ಟಿದ್ದೆ. ಈಗ ನಗು ಬರಲಿಲ್ಲ. ಅಣ್ಣ ತೊಟ್ಟಿಲಿಗೆ ಬರದಿದ್ದರೆ ಮಹೇಶ ಜೀವನವಿಡೀ ಅದನ್ನು ಮರೆಯುವುದಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಈ ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿ ಬೆಳೆದವರು, ಅದೂ ಕಳಚಿತೆಂದರೆ ಮುಗಿಯಿತು. ಮಧ್ಯಾಹ್ನದ ಬಸ್ಸು ಹಿಡಿದು ಗೋಕಾಕದಲ್ಲಿ ಇಳಿದವಳು ಮನೆಗೂ ಹೋಗದೆ ನೆಟ್ಟಗೆ ಅಂಗಡಿಗೆ ನಡೆದೆ.

ಅಣ್ಣ ಅಪ್ಪನ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಆ ಸೈಕಲ್ಲನ್ನು ಯಾರೂ ಹತ್ತುವುದಿಲ್ಲ. ಅಂಗಡಿಯ ಗೋಡೆಗೆ ಒರಗಿ ನಿಂತಿರುತ್ತದೆ, ಚಕ್ರದಲ್ಲಿ ಗಾಳಿ ಮಾತ್ರ ಯಾವಾಗಲೂ ಗಟ್ಟಿಯಾಗಿರುತ್ತದೆ.

"ಬಾ. ಊಟಾ ಆತೇನು?" ಅಂದ, ತಲೆ ಎತ್ತದೆ.

"ಊಟಾ ಹಾಳಾಗಿ ಹೋಗ್ಲಿ. ನಾಳಿ ಯಾಕ ಬರಂಗಿಲ್ಲ ನೀ?"

"ಕೆಲಸ ಐತಿ. ಕಬ್ಬಿಗೆ ನೀರ ಹಾಯ್ಸೋ ಹೊತ್ತು. ಎಷ್ಟ ಮೋಟರ್ ಬಂದ ಬಿದ್ದಾವ ನೋಡು."

"ಮೋಟರ್ ಮ್ಯಾಲ ಹಾಕಬ್ಯಾಡ. ನನ್ನ ಮುಂದ ನಾಟಕಾ ಮಾಡಿದ್ರ ಇಲ್ಲೇ ಬಜಾರದಾಗ ಬಾಯಿ ಮಾಡ್ತೇನಿ."

ಅವನು ಪಂಪು ಕೆಳಗಿಟ್ಟ. ನಾನು ಬಾಯಿ ಮಾಡುವವಳೇ ಅಂತ ಅವನಿಗೆ ಗೊತ್ತು. "ಹೆಸರ ಇಟ್ರ ಅಪ್ಪನ್ನ ಹೂಳಿದಂಗ ಆತು, ಭಾಗ್ಯಾ. ಮಾರಿ ನೋಡಿಲ್ಲ, ಮಣ್ಣ ಹಾಕಿಲ್ಲ, ನಾವಽ ಕುಂತ ತೀರ್ಮಾನ ಮಾಡೂದೇನು? ನಾಳಿ ಹೆಸರ ಇಟ್ರ ನಾಡದ ಓಣ್ಯಾಗಿನ ಹೆಂಗಸ್ರು ಅವ್ವನ ಹಣಿ ನೋಡ್ತಾರ. ಕುಂಕುಮ ಯಾಕ ಹಚ್ಚೀದಿ, ಬಳಿ ಯಾಕ ಇಟ್ಟೀದಿ ಅಂತಾರ. ಅವ್ವ ಏನ ಹೇಳ್ಬೇಕು?"

"ಅದನ್ನ ಮಹೇಶಗ ಹೇಳಿದೇನು?"

"ಹೇಳಿದೆ. ಅಂವ ಏನಂದ ಗೊತ್ತೈತೇನು? ಎಷ್ಟ ವರ್ಷ ಸೈಕಲ್ ಕಾಯ್ತಿ ಅಂದ." ಅಣ್ಣ ಕೈಯೊರೆಸುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡ, ಹಣೆಗೆಲ್ಲ ಎಣ್ಣೆ ಮೆತ್ತಿತು. "ಅವನ್ನ ಹೆಗಲ ಮ್ಯಾಲ ಹೊತ್ತ ಬೆಳಿಸೇನಿ ನಾ. ಅಂವ ಹಂಗ ಅಂದ."

ಮಹೇಶನ ಮೇಲೆ ನನಗೆ ಉರಿಯುವಷ್ಟು ಸಿಟ್ಟು ಬಂತು. ಆದರೆ ಅವನು ಅಂದದ್ದು ಖರೆ ಅಂತಲೂ ಅನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನೋಡು," ಅಂದೆ. "ಕಿವ್ಯಾಗ ಹೆಸರ ಹೇಳಾಕಿ ನಾ. ಬಾಯಿ ನಂದು. ಅಪ್ಪನ ಹೆಸರ ನಾ ಹೇಳಂಗಿಲ್ಲ, ನಿನ್ನಾಣಿ. ಈಗ ಬರ್ತಿಯೋ ಇಲ್ಲೋ?"

"ಮತ್ತ ಯಾವ ಹೆಸರ ಹೇಳ್ತಿ?"

"ಅದನ್ನೂ ನಿನ್ನ ಕೇಳಿ ಹೇಳ್ಬೇಕೇನು? ಬಂದ ನೋಡು."

ಅವನು ಬಹಳ ಹೊತ್ತು ಚಕ್ರ ಒತ್ತಿ ನೋಡುತ್ತ ಕೂತ. "ಬರ್ತೇನಿ. ಸಂಜಿ ಬಸ್ಸಿಗೆ ಹೊಳ್ಳಿ ಬರೂದು ಮತ್ತ. ಮಹೇಶನೂ."

"ಹೊಳ್ಳಿ ಬರ್ರಿ. ನಿಮ್ಮನ್ನ ಯಾರ ಅಲ್ಲಿ ಕಟ್ಟಿ ಹಾಕ್ಯಾರ!"

ಮನೆಯಲ್ಲಿ ಅವ್ವ, ನಮ್ಮ ಪಾರವ್ವ, ಬಾಣಂತಿಗೆ ಒಯ್ಯಲು ಅಂಟಿನ ಉಂಡೆ ಕಟ್ಟುತ್ತ ಕೂತಿದ್ದಳು. ಅಣ್ಣನ ಹೆಂಡತಿ ಸುಮನ ವೈನಿ ಕೊಬ್ಬರಿ ತುರಿಯುತ್ತಿದ್ದಳು. ಅವ್ವನ ಹಣೆಯ ಮೇಲೆ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ನಾನೂ ಕೂತು ಒಂದು ಉಂಡೆ ಕಚ್ಚುತ್ತ ಕೇಳಿಯೇ ಬಿಟ್ಟೆ.

"ಯವ್ವಾ, ನಾಳಿ ಕೂಸಿಗೆ ಅಪ್ಪನ ಹೆಸರ ಇಟ್ರ ನಿಂಗ ಹೆಂಗ ಅನಸ್ತೈತಿ?"

"ತ್ರಾಸ ಅನಸ್ತೈತಿ," ಅಂದಳು, ಉಂಡೆ ಒತ್ತುತ್ತಲೇ. "ಇಷ್ಟ ವರ್ಷ ಗಂಡನ ಹೆಸರ ಬಾಯಾಗ ತಂದಿಲ್ಲ. ನಾಳಿ ಮೊಮ್ಮಗ ರಸ್ತಾಕ್ಕ ಓಡಿದ್ರ ಏನಂತ ಕೂಗ್ಲಿ ನಾ?"

ವೈನಿ ನಕ್ಕುಬಿಟ್ಟಳು. ನನಗೂ ನಗು ಬಂತು, ಆದರೂ ಬಿಡಲಿಲ್ಲ. "ಖರೆ ಹೇಳು. ಅಪ್ಪ ಬರ್ತಾನಂತ ಇನ್ನೂ ಕಾಯಾಕತ್ತಿಯೇನು?"

"ಯಾವಾಗೋ ಬಿಟ್ಟೆ." ಅವ್ವ ಮಳೆ ಬಿಟ್ಟಿತು ಅನ್ನುವ ಹಾಗೆ ಹೇಳಿದಳು. "ಅಣ್ಣಪ್ಪ ಮೊದಲನೇ ಪಗಾರ ತಂದ ನನ್ನ ಉಡ್ಯಾಗ ಹಾಕಿದ್ನಲ್ಲ, ಅವತ್ತಽ ಬಿಟ್ಟೆ. ಇನ್ನ ಆ ಮನಷ್ಯಾ ಬಂದ್ರೂ ಅಷ್ಟ, ಬಿಟ್ರೂ ಅಷ್ಟ ಅನಿಸ್ತು."

"ಮತ್ತ ದಿನಾ ಬಾಗಿಲಾ ಯಾಕ ತಗದ ಇಡ್ತಿ?"

"ಅಣ್ಣಪ್ಪನ ಸಲುವಾಗಿ. ಅಂವ ಕಾಯ್ತಾನ. ನಾ ಚಿಲಕಾ ಹಾಕಿದ್ರ ಅವನ ಎದಿ ಒಡದೀತು ಅಂತ ಸುಮ್ಮನದೇನಿ."

ಶಿವನೇ! ನನ್ನ ಕೈಯಲ್ಲಿದ್ದ ಅರ್ಧ ಉಂಡೆ ಕೈಯಲ್ಲೇ ಉಳಿಯಿತು. ಅಣ್ಣ ಅವ್ವನ ಸಲುವಾಗಿ ಬಾಗಿಲು ತೆರೆದಿಡುತ್ತಾನೆ, ಅವ್ವ ಅಣ್ಣನ ಸಲುವಾಗಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ಒಂದೇ ಒಲೆಯ ರೊಟ್ಟಿ ತಿಂದ ತಾಯಿ ಮಗ ಒಂದು ಮಾತು ಕೇಳಿಕೊಂಡಿಲ್ಲ. ನಡುವೆ ಊರ ಸೊಳ್ಳೆಯೆಲ್ಲ ನಮ್ಮ ಮನೆಗೆ ಬಂದದ್ದು ಬೇರೆ.

"ಅವಗ ಒಂದ ಮಾತ ಹೇಳೂದಿಲ್ಲೇನು ನೀ?" ಅಂತ ಚೀರಿದೆ.

"ಹೆಂಗ ಹೇಳ್ಲಿ? ನಿಮ್ಮಪ್ಪ ಬರಂಗಿಲ್ಲೋ ಅಂತ ಹಡದಾಕಿ ಮಗನ ಮುಂದ ಹೇಳ್ತಾಳೇನು?" ಅವ್ವನ ಕಣ್ಣು ಮೊದಲ ಸಲ ತುಂಬಿತು. ಸೆರಗಿನಿಂದ ಒರೆಸಿಕೊಂಡಳು. "ಮತ್ತ ಈ ಕುಂಕುಮದ ಚಿಂತಿ ನಿಮಗ ಯಾರಿಗೂ ಬ್ಯಾಡ. ಇದು ನಾ ತೊಟ್ಲಾಗ ಇದ್ದಾಗ ನಮ್ಮವ್ವ ಹಚ್ಚಿದ್ದು. ಕೇಳಾಕ ಬಂದವ್ರಿಗೆ ನಾ ಹೇಳ್ಕೊಂತೇನಿ."

ಸಂಜೆ ಮಹೇಶ ಮೂಡಲಗಿಯಿಂದ ಬಂದ. ಬೈಯಬೇಕು ಅಂತ ಅವನನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಅವನ ಅಂಗಿಯಲ್ಲಿ ಕೂಸಿನ ಹಾಲಿನ ವಾಸನೆ ಇತ್ತು.

"ಅಣ್ಣಗ ಹಂಗ ಅನ್ನಬಾರದಿತ್ತು ನೀ."

"ಗೊತ್ತೈತಿ. ಬಾಯಿ ತಪ್ಪಿ ಬಂತು."

"ಅಪ್ಪನ ಹೆಸರ ಮ್ಯಾಲ ನಿಂಗ ಯಾಕ ಅಷ್ಟ ಪ್ರೀತಿ? ಅವನ ಮಾರಿನಾದ್ರೂ ನೆನಪೈತೇನು?"

"ಇಲ್ಲ." ಅವನು ಚಪ್ಪಲಿಯ ಉಂಗುಟ ನೋಡುತ್ತ ಹೇಳಿದ. "ಯಾರರ ಅಪ್ಪ ಅಂದ್ರ ನಂಗ ವಾರ್ನಿಶ್ ವಾಸನಿ ಬರ್ತೈತಿ, ಅಕ್ಕಾ. ಅಣ್ಣನ ಅಂಗೀದು. ಜ್ವರಾ ಬಂದಾಗ ದವಾಖಾನಿಗೆ ಹೊತ್ಕೊಂಡ ಓಡಿದಾಂವ ಅಂವಾ. ಸಾಲ್ಯಾಗ ಮಾಸ್ತರ ಮುಂದ ಕೈ ಮುಗದ ನಿಂತಾಂವ ಅಂವಾ. ಸುಜಾತಾನ ಅಪ್ಪ ನಿಮ್ಮ ತಂದೀ ಹೆಸರ ಇಡ್ರಿ ಅಂದ್ರು, ನಾ ಹೂಂ ಅಂದೆ. ಹೆಸರ ಇಟ್ರರ ಅಣ್ಣ ಕಾಯೂದ ಬಿಟ್ಟಾನು ಅಂದ್ಕೊಂಡೆ."

ನಾನು ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ. ಅವನು ಇನ್ನೂ ತಗ್ಗಿದ ದನಿಯಲ್ಲಿ ಕೇಳಿದ.

"ಅಕ್ಕಾ, ದಿನಾ ಸಂಜಿ ಕೂಸಿನ್ನ ಬಿಟ್ಟ ಬರ್ತೇನಿ. ಅದು ನನ್ನ ಬೆರಳ ಹಿಡ್ಕೊಂಡಿರ್ತೈತಿ, ನಾ ಬಿಡಿಸ್ಕೊಂಡ ಬರ್ತೇನಿ. ನಾನೂ ಅಪ್ಪನಂಗಽ ಆಗಾಕತ್ತೇನೇನು?"

"ಹುಚ್ಚಪ್ಯಾಲಿ, ಸುಮ್ಮನಿರು" ಅಂದೆ. ಅವನ ತಲೆಗೊಂದು ಮೊಟಕಿ ಒಳಗೆ ಎದ್ದು ಹೋದೆ.

ಮರುದಿನ ಎಲ್ಲರೂ ಮೂಡಲಗಿಗೆ ಹೊರಟೆವು. ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ, ಮಹೇಶ ಹಿಂದಿನ ಸೀಟಿನಲ್ಲಿ, ನಡುವೆ ಉಂಡೆಯ ಡಬ್ಬಿ, ಬೆಳ್ಳಿಯ ಉಡುದಾರ, ಕೂಸಿನ ತಲೆಗೆ ಹಾಕುವ ಕುಂಚಿಗೆ, ನಾವು ಮೂವರು ಹೆಂಗಸರು. ಇಬ್ಬರ ನಡುವೆ ಒಂದೂ ಮಾತಿಲ್ಲ. ನಾನು ದಾರಿಯುದ್ದಕ್ಕೂ ಹೆಸರು ಹುಡುಕುತ್ತಿದ್ದೆ. ಅಂಗನವಾಡಿಯ ಹಾಜರಿಯಲ್ಲಿರುವ ಹೊಸ ಹೊಸ ಹೆಸರುಗಳನ್ನೆಲ್ಲ ಮನಸ್ಸಿನಲ್ಲಿ ಕೂಗಿ ನೋಡಿದೆ. ಯಾವುದೂ ನಮ್ಮ ಮನೆಯ ಕೂಸಿಗೆ ಒಗ್ಗಲಿಲ್ಲ. ಅಣ್ಣನಿಗೆ ಆಣೆ ಇಟ್ಟಿದ್ದೆ, ಬೀಗರು ಹಿರಿಯರ ಹೆಸರೇ ಬೇಕು ಅಂತ ಕೂತಿದ್ದರು.

ಬೀಗರ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಕೂಸು ಕೆಂಪಗೆ, ಮೂಗಿನ ತುದಿ ಮಾತ್ರ ನಮ್ಮ ಮನೆಯದು. ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ಅದನ್ನು ದಾಟಿಸಿ, ಮಲಗಿಸಿ, ಹೆಂಗಸರು ಜೋಗುಳ ಹಾಡಿದರು. ಗಂಡಸರು ಬಾಗಿಲ ಬಳಿ ನಿಂತಿದ್ದರು. ಅಣ್ಣ ಎಲ್ಲರಿಗೂ ಹಂಚಲು ಗುಗ್ಗರಿಯ ಬುಟ್ಟಿ ಹಿಡಿದು ನಿಂತಿದ್ದ. ಅವನ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

"ಬಾರವ್ವಾ ಅತ್ತಿ, ಹೆಸರ ಹೇಳ ಬಾ" ಅಂದಳು ಸುಜಾತಾಳ ತಾಯಿ. ಹೆಂಗಸರು ಆಗಲೇ ತೋಳು ಏರಿಸಿ ನಿಂತಿದ್ದರು.

ನಾನು ಬಗ್ಗಿದೆ. ಕೂಸು ಕಣ್ಣು ಬಿಟ್ಟು ನನ್ನ ಕಿವಿಯ ಓಲೆ ನೋಡುತ್ತಿತ್ತು. ಮಹೇಶ ಅಂದ ವಾರ್ನಿಶ್ ವಾಸನೆ ನೆನಪಾಯಿತು, ಅವ್ವನ ಉಡಿಗೆ ಬಿದ್ದ ಪಗಾರ ನೆನಪಾಯಿತು. ಇಷ್ಟು ಸರಳ ಸಂಗತಿ ಬಸ್ಸಿನಲ್ಲಿ ನನಗೆ ಹೊಳೆದಿರಲಿಲ್ಲ ಅಂತ ನನ್ನ ಮೇಲೆಯೇ ಸಿಟ್ಟು ಬಂತು. 'ಕುರ್ರ್' ಅಂದೆ. ಬೆನ್ನಿನ ಮೇಲೆ ಗುದ್ದುಗಳು ಬೀಳತೊಡಗಿದವು. ಆ ಗುದ್ದಿನ ನಡುವೆಯೇ ಹೆಸರನ್ನು ಕಿವಿಯಲ್ಲಿ ಹೇಳಿ, ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಿದೆ.

"ಅಣ್ಣಪ್ಪ!"

ಗುದ್ದುವ ಕೈಗಳೆಲ್ಲ ಒಮ್ಮೆಲೇ ನಿಂತವು. ಬಾಗಿಲ ಬಳಿ ಗುಗ್ಗರಿಯ ಬುಟ್ಟಿ ವಾಲಿ ಕಡಲೆ ನೆಲಕ್ಕೆಲ್ಲ ಚೆಲ್ಲಿತು.

"ಏ ಭಾಗ್ಯಾ!" ಅಣ್ಣ ಕೂಗಿದ. "ನಾ ಇನ್ನೂ ಇದ್ದೇನಲ್ಲ!"

"ಅದಕ್ಕಽ ಇಟ್ಟೇನಿ," ಅಂದೆ. "ಇದ್ದಾಂವನ ಹೆಸರ ಇಟ್ಟೇನಿ."

ಸುಜಾತಾಳ ತಾಯಿ ಮೊದಲು ಬಾಯಿ ಬಿಟ್ಟಳು. "ಇದೆಲ್ಲೀ ಪದ್ಧತಿ ಯವ್ವಾ? ಜೀವಂತ ಇದ್ದವ್ರ ಹೆಸರ ಯಾರರ ಇಡ್ತಾರೇನು? ಆಯುಷ್ಯಾ ಕಡಿಮಿ ಆಗ್ತೈತಿ!"

ನಾನು ಉತ್ತರ ಹುಡುಕುವಷ್ಟರಲ್ಲಿ ಅವ್ವ ಎದ್ದಳು. ಅವ್ವ ಬೀಗರ ಮನೆಯಲ್ಲಿ ದನಿ ಎತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ತಂದೀ ಹೆಸರ ಇಡ್ಬೇಕು ಅಂದವ್ರು ನೀವಽ ಅಲ್ರಿ? ಮಹೇಶನ್ನ ಸಾಕಿದಾಂವ ಯಾರು, ಸಾಲಿ ಕಲಿಸಿದಾಂವ ಯಾರು, ನಿಮ್ಮ ಮನಿಗೆ ಹೆಣ್ಣ ಕೇಳಾಕ ಬಂದಾಂವ ಯಾರು? ಆ ಹೆಸರ ಇಟ್ಟಾಳ ನನ್ನ ಮಗಳು. ಆಯುಷ್ಯದ ಮಾತ ಬಿಡ್ರಿ. ನನ್ನ ಮಗ ಈ ವಯಸ್ಸಿಗೇನಽ ನೂರ ವರ್ಷದ ದುಡಿಮಿ ಮಾಡಿ ಮುಗಿಸ್ಯಾನ. ಇನ್ನೇನ ಕಡಿಮಿ ಆಗೂದೈತಿ ಅವಂದು!" ಆಮೇಲೆ ಅಣ್ಣನ ಕಡೆ ತಿರುಗಿದಳು. "ಅಣ್ಣಪ್ಪ, ನಾ ನಿಮ್ಮಪ್ಪನ್ನ ಕಾಯೂದ ಬಿಟ್ಟ ಭಾಳ ವರ್ಷ ಆತೋ. ನಿನ್ನ ಸಲುವಾಗಿ ಬಾಗಿಲಾ ತಗದಿಟ್ಟಿದ್ದೆ. ಇನ್ನ ಸಾಕು, ಮಗನ. ಚಿಲಕಾ ಹಾಕೂಣು."

ಅಣ್ಣ ಅವ್ವನನ್ನೇ ನೋಡಿದ. "ನನ್ನ ಸಲುವಾಗಿ?" ಅಂದ. "ನಾ ನಿನ್ನ ಸಲುವಾಗಿ..." ಚೆಲ್ಲಿದ ಕಡಲೆಯ ನಡುವೆ ಹಾಗೇ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ನಲವತ್ತು ದಾಟಿದ ಗಂಡಸು, ಬೀಗರೆಲ್ಲರ ಮುಂದೆ. ಹದಿಮೂರರಲ್ಲಿ ಅವನು ಅತ್ತಿರಲಿಲ್ಲ, ಅವತ್ತಿನ ಅಳುವೂ ಅದರಲ್ಲಿ ಇತ್ತು ಅಂತ ನನಗನಿಸಿತು. ಮಹೇಶ ಓಡಿ ಬಂದು ಅವನ ಪಕ್ಕ ಕೂತ. ಕಡಲೆ ಆರಿಸಿ ಬುಟ್ಟಿಗೆ ಹಾಕತೊಡಗಿದ. ಸ್ವಲ್ಪ ಹೊತ್ತಿಗೆ ಅಣ್ಣನೂ ಮೂಗು ಒರೆಸಿಕೊಳ್ಳುತ್ತ ಆರಿಸತೊಡಗಿದ.

ಮೊದಲು ನಕ್ಕವರು ಸುಜಾತಾಳ ಅಪ್ಪ. "ಆತ ಬಿಡ್ರಿ, ಅಣ್ಣಪ್ಪಗೌಡ್ರು ತೊಟ್ಲಾಗ ಒಬ್ರು, ಹೊರಗ ಒಬ್ರು. ಇನ್ನ ನಮ್ಮ ಮಗಳು ಭಾವನ ಹೆಸರ ಹೆಂಗ ಕರೀತಾಳ?" ಅಂದರು. ಸುಜಾತಾ ಸೆರಗಿನ ಹಿಂದಿನಿಂದ "ನಾ ಅಪ್ಪೂ ಅಂತೇನ್ರಿ" ಅಂದಳು. ಎಲ್ಲರೂ ನಕ್ಕರು. ಹೆಂಗಸರಿಗೆ ಅರ್ಧಕ್ಕೆ ನಿಂತ ಕೆಲಸ ನೆನಪಾಯಿತೋ ಏನೋ, ನನ್ನ ಬೆನ್ನಿಗೆ ಮತ್ತೆ ನಾಲ್ಕು ಬಿದ್ದವು.

ಊಟವಾದ ಮೇಲೆ ಸಂಜೆಯ ಬಸ್ಸಿಗೆ ಹೊರಟೆವು. ರೂಢಿಯಂತೆ ಮಹೇಶನೂ ಚಪ್ಪಲಿ ಹಾಕಿಕೊಂಡ. ಕೂಸು ಅವನ ಹೆಂಡತಿಯ ತೋಳಿನಲ್ಲಿತ್ತು. ಅಣ್ಣ ಅಂಗಳದಲ್ಲಿ ನಿಂತು ಅವನ ಚಪ್ಪಲಿ ನೋಡಿದ, ಕೂಸನ್ನು ನೋಡಿದ.

"ಚಪ್ಪಲ್ ಬಿಡು," ಅಂದ.

"ಯಾಕಣ್ಣ?"

"ಇವತ್ತ ಇಲ್ಲೇ ಇರು. ನಾಳೀನೂ ಇರು. ಸುಜಾತಾ ಬಾಣಂತನ ಮುಗಿಸಿ ಬರೂತನಕ ಬೇಕಾದಷ್ಟ ದಿನ ಇರು. ಅಂಗಡಿ ನಾ ನೋಡ್ಕೊಂತೇನಿ."

"ನಿಂಗ ನಿದ್ದಿ ಬರಂಗಿಲ್ಲ."

"ಬರದಿದ್ರ ಎದ್ದ ಕುಂಡರ್ತೇನಿ. ನೀ ಅಪ್ಪ ಆಗೀದಿ. ಅಪ್ಪ ರಾತ್ರಿ ಮನ್ಯಾಗ ಇರ್ಬೇಕು." ಅಷ್ಟು ಹೇಳಿ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದ. ತಿರುಗಿದರೆ ಮನಸ್ಸು ಬದಲಾದೀತು ಅಂತ ಅವನಿಗೆ ಹೆದರಿಕೆ ಇತ್ತು. ಮಹೇಶ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತಿದ್ದ.

ಗೋಕಾಕದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅವ್ವ, ವೈನಿ ಆಟೋ ಹತ್ತಿದರು. ನನ್ನ ಹುಕ್ಕೇರಿ ಬಸ್ಸು ನಿಂತಿತ್ತು. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಅಣ್ಣ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡು ಏನೋ ಹೇಳಲು ಒದ್ದಾಡುತ್ತಿದ್ದ.

"ಏನಪಾ?"

"ನಿಮ್ಮ ಮನ್ಯಾಗ ಹಾಸಿಗಿ ಒಂದ ಹೆಚ್ಚಿಂದ ಐತೇನು?"

ನನಗೆ ಕೇಳಿದ್ದು ಖರೆಯೋ ಸುಳ್ಳೋ ಗೊತ್ತಾಗಲಿಲ್ಲ. "ಬಸ್ ಹತ್ತು!" ಅಂತ ಕೂಗಿದೆ. "ಹತ್ತು, ಹತ್ತು, ಬಸ್ ಬಿಡ್ತೈತಿ!" ಕಂಡಕ್ಟರ್ ಗಾಬರಿಯಾಗಿ ಸೀಟಿ ಊದಿ ಬಸ್ಸು ನಿಲ್ಲಿಸಿದ, ಅದು ಹೊರಟೇ ಇರಲಿಲ್ಲ.

ಅಣ್ಣ ನನ್ನ ಪಕ್ಕ ಕೂತ. ಬಸ್ಸು ಊರು ದಾಟಿತು. ವೈನಿಗೆ ಫೋನಿನಲ್ಲಿ ತಿಳಿಸಿದೆ. ಆಮೇಲೆ ನನ್ನ ಗಂಡನಿಗೆ ಫೋನು ಮಾಡಿ ಅಣ್ಣ ಬರುತ್ತಿದ್ದಾನೆ, ರಾತ್ರಿ ಇರುತ್ತಾನೆ ಅಂದರೆ ಅವರು ಎರಡು ಸಲ ಕೇಳಿದರು, ಯಾರು, ಯಾವ ಅಣ್ಣ ಅಂತ. ನಾನು ಫೋನು ಇಟ್ಟು ನೋಡುವಷ್ಟರಲ್ಲಿ ಅಣ್ಣನ ತಲೆ ನನ್ನ ಹೆಗಲಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಹಣೆಯ ಮೇಲೆ ನಿನ್ನೆಯ ಎಣ್ಣೆಯ ಕಲೆ ತೊಳೆದರೂ ಹೋಗದೆ ಉಳಿದಿತ್ತು. ಹೆಗಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಫೋನು ನಡುಗಿತು. ಮಹೇಶ. ಹಿಂದೆ ಕೂಸು ಅಳುವುದು ಕೇಳುತ್ತಿತ್ತು.

"ಅಕ್ಕಾ, ಅಣ್ಣ ಫೋನ್ ಎತ್ತವಲ್ಲ. ಮನಿ ಮುಟ್ಟಿದ್ನೇನು?"

"ನನ್ನ ಕೂಡ ಅದಾನ. ಹುಕ್ಕೇರಿಗೆ ಹೊಂಟಾನ."

"ಹುಕ್ಕೇರಿಗೆ? ಅಣ್ಣಾ? ಎಲ್ಲದೀರಿ ಈಗ?"

ನಾನು ಕಿಟಕಿಯ ಹೊರಗೆ ನೋಡಿದೆ. ಬಸ್ಸು ಸ್ಟೇಶನ್ ರಸ್ತೆಯ ಹತ್ತಿರ ನಿಂತು ಜನರನ್ನು ಇಳಿಸುತ್ತಿತ್ತು. ದೂರದಲ್ಲಿ ಗಾಡಿ ಬರುವ ಗಂಟೆ ಹೊಡೆಯಿತು.

"ಘಟಪ್ರಭಾ."

"ಅಣ್ಣ ಏನ್ ಮಾಡಾಕತ್ತಾನ?"

"ಮಲಗ್ಯಾನ."

"ಘಟಪ್ರಭಾದಾಗ?"

"ಹೂಂನೋ. ಘಟಪ್ರಭಾದಾಗ," ಅಂದೆ. "ಮೆಲ್ಲಕ ಮಾತಾಡು, ಎದ್ದಾನು."